ಸಂಕ್ರಾಂತಿಗೆ ಮಳೆ ಬಾರದ ಊರು

ತಲೆಗೆ ಬಿಗಿದ ಕೆಂಪು ಮಫ್ಲರಿನಿಂದ ನಮ್ಮ ಮನೆಮಾಲೀಕರ ಎರಡೂ ಕಿವಿಗಳು ಹೊರಗೇ ಉಳಿದಿರುತ್ತಿದ್ದವು. ಕಿವಿ ಮುಚ್ಚದ ಮಫ್ಲರು ಏತಕ್ಕೆ ಎಂದು ಕೇಳುವ ಧೈರ್ಯ ಬಳ್ಳಾರಿ ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಕೇಳಿದ್ದರೂ ಆ ಕಿವಿಗಳಿಗೆ ಇನ್ನೊಬ್ಬರ ಮಾತು ಹೋಗುತ್ತಿರಲಿಲ್ಲ.

ಮನೆಯ ಜೊತೆಗೆ ಆಕಾಶವನ್ನೂ ನಮಗೆ ಬಾಡಿಗೆಗೆ ಕೊಟ್ಟವರಂತೆ ಅವರು ಮಾತಾಡುತ್ತಿದ್ದರು. ಸಂಕ್ರಾಂತಿ ಹತ್ತಿರ ಬಂತೆಂದರೆ ಕಟ್ಟೆಯ ಮೇಲೆ ಕೂತು ಹಳೆಯ ಸಂಕ್ರಾಂತಿಗಳನ್ನೆಲ್ಲ ಬಿಚ್ಚುವರು. ಅವರ ಮದುವೆಯಾದ ವರ್ಷ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಡ್ಡೆ ಕಟ್ಟಿತ್ತಂತೆ. ಯುದ್ಧ ಶುರುವಾದ ವರ್ಷ ಬೆಳಗಿನ ಮಂಜಿಗೆ ಕೋಟೆಗುಡ್ಡವೇ ಕಾಣಲಿಲ್ಲವಂತೆ. "ಅವತ್ತು ಮಧ್ಯಾಹ್ನದ ತನಕ ನೀವು ಎದ್ದಿದ್ದಿಲ್ಲ" ಎಂದು ಅವರ ಹೆಂಡತಿ ಒಳಗಿನಿಂದ ಹೇಳುವರು. ಅದೂ ಕೇಳಿಸದು.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಕುರುಗೋಡಿನಿಂದ ಅಜ್ಜ ಕಳಿಸಿದ ಇಡೀ ವರ್ಷದ ಮೆಣಸಿನಕಾಯಿಯನ್ನು ಅವ್ವ ಮಾಳಿಗೆಯ ಮೇಲೆ ಒಣಹಾಕಿದ್ದಳು. ಹಬ್ಬದ ದಿನ ಬುತ್ತಿ ಕಟ್ಟಿಕೊಂಡು ಹೊಳೆಸ್ನಾನಕ್ಕೆಂದು ಸಿರುಗುಪ್ಪದ ಬಸ್ಸಿಗೆ ಹೊರಟೆವು. ಮೂಡಲಲ್ಲಿ ಮೋಡ ಕಂಡು ಅವ್ವ ನಿಂತಳು.

"ಮೋಡ ಐತ್ರಿ ಮಾಲಕ್ರ. ಕಾಯಿ ತೆಗೆದಿಟ್ಟು ಹೋಗ್ತೀನಿ."

"ಬಿಡವ್ವ ತಂಗಿ. ಸಂಕ್ರಾಂತಿಗೆ ಬಳ್ಳಾರ್ಯಾಗ ಮಳಿ ಬಂದದ್ದ ಇಲ್ಲ. ಮೋಡ ಇವತ್ತು ಬಂದದ್ದು, ನಾ ಇಲ್ಲೇ ಹುಟ್ಟಿದಾಂವ. ಬಂದ್ರ ತೆಗಿಯಾಕ ನಾ ಅದೀನಿ, ಹೋಗು."

ಅವರ ಮನೆ, ಅವರ ಮಾಳಿಗೆ. ಅವ್ವ ಬಸ್ಸು ಹತ್ತಿದಳು.

ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚುವಷ್ಟರಲ್ಲೇ ಹನಿ ಬಿತ್ತು. ಊರಿಗೆ ಮರಳಿದಾಗ ಓಣಿಯೆಲ್ಲ ರಾಡಿ, ಮಾಳಿಗೆಯ ನೀರಲ್ಲಿ ತೇಲುವ ಮೆಣಸಿನಕಾಯಿ. ಮಾಲೀಕರು ಕಟ್ಟೆಯ ಮೇಲೆ ಕೂತೇ ಇದ್ದರು. ಮಫ್ಲರಿನಿಂದ ನೀರು ಇಳಿಯುತ್ತಿತ್ತು.

"ಇದನ್ನ ಮಳಿ ಅಂತಾರೇನು?" ಎಂದರು.

"ನಾ ತೆಗಿತೀನಿ ಅಂದ್ರ ಬಿಡಲಿಲ್ಲವ್ವ" ಎಂದರು ಅವರ ಹೆಂಡತಿ. "ಓಣ್ಯಾಗಿನ ಮಂದಿ ನೋಡಿ ನಗ್ತಾರ ಅಂದ್ರು."

ಒಬ್ಬರ ಜಂಭಕ್ಕೆ ನಮ್ಮ ಮನೆಯ ವರ್ಷದ ಖಾರ ಕೊಳೆಯಿತು. ಅವತ್ತು ಅವರ ಮೇಲೆ ಹುಟ್ಟಿದ ತಾತ್ಸಾರ ನನ್ನಲ್ಲಿ ಇವತ್ತಿಗೂ ಕರಗಿಲ್ಲ. ಮರುವರ್ಷವೂ ಅದೇ ಕಟ್ಟೆ, ಅದೇ ಮಾತು: ಸಂಕ್ರಾಂತಿಗೆ ಮಳೆ ಬಂದದ್ದೇ ಇಲ್ಲ. ಎಳ್ಳುಬೆಲ್ಲ ಕೊಡಲು ಹೋದ ಅವ್ವ ನಾಚಿಕೆಯಿಲ್ಲದ ಆ ಮನುಷ್ಯನಿಗೆ "ಹೌದ್ರಿ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಕೆಲವು ವರ್ಷಗಳ ಮೇಲೆ, ಸಂಕ್ರಾಂತಿಯ ಹಿಂದಿನ ದಿನ ಅವರು ತೀರಿಕೊಂಡರು. ಚೂರೂ ಮೋಡವಿರಲಿಲ್ಲ, ಹೊತ್ತವರು ಬೆವರಿದರು. ಗೆದ್ದೆನೆಂದುಕೊಂಡೇ ಹೋಗಿರಬೇಕು. ಮಣ್ಣು ಮುಗಿಸಿ ಎಲ್ಲರೂ ಮರಳಿದ ಮೇಲೆ ಅವ್ವ ಮಾಳಿಗೆ ಹತ್ತಿ, ಬಿಸಿಲಲ್ಲೇ ಮೆಣಸಿನಕಾಯಿಯನ್ನು ಬುಟ್ಟಿಗೆ ತುಂಬತೊಡಗಿದಳು.

"ಮೋಡಾನ ಇಲ್ಲಲ್ಲವ್ವ" ಎಂದೆ.

"ಇಷ್ಟು ವರ್ಷ ಹಬ್ಬ ಬಂತಂದ್ರ ಅವರು ಉಣ್ಣಾಕ ಕುಂತಾಗ ಕದ್ದು ತೆಗಿತಿದ್ದೆ. ಕಂಡ್ರ ನೊಂದ್ಕೊಳ್ತಾರಂತ."

ಬುಟ್ಟಿ ತುಂಬಿದ ಮೇಲೂ ಅವಳು ಕೆಳಗಿಳಿಯಲಿಲ್ಲ. ಬರಿದಾದ ಕಟ್ಟೆಯನ್ನು ನೋಡುತ್ತ ಅಲ್ಲೇ ನಿಂತಿದ್ದಳು.