ಯಾರು ಮೊದಲು

ಅಮ್ಮನಿಗೆ ಇದ್ದದ್ದು ಒಂದೇ ಆಸೆ, ಮುತ್ತೈದೆಯಾಗಿ ಹೋಗಬೇಕು. "ನಿಮ್ಮಪ್ಪನ್ಗಿಂತ ಒಂದಿನ ಮುಂಚೆ ಹೋದ್ರೆ ಸಾಕು ಕಣೇ" ಎನ್ನುತ್ತಿದ್ದಳು. "ಹೋಗು, ಉಪ್ಪಿನ್ಕಾಯಿ ಹಾಕಿಟ್ಟು ಹೋಗು" ಎಂದು ಅಪ್ಪ ಕಾಡಿಸುತ್ತಿದ್ದರು. ಗಂಡನನ್ನು ಕಳೆದುಕೊಂಡು ಅವರ ಜೊತೆ ಇದ್ದ ನನ್ನೆದುರೇ ಈ ಮಾತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೀರೂರಿನ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಕಲಿಸುತ್ತೇನೆ. ಸಾಪೇಕ್ಷತೆಯ ಪಾಠಕ್ಕೆ ನಮ್ಮ ಜಂಕ್ಷನ್ನೇ ಉದಾಹರಣೆ. ಓಡುವ ರೈಲಿನ ಎರಡು ತುದಿಗೂ ಸಿಡಿಲು ಬಡಿಯಿತು ಅನ್ನಿ. ಪ್ಲಾಟ್‌ಫಾರಂನಲ್ಲಿ ನಿಂತವನ ಲೆಕ್ಕಕ್ಕೆ ಎರಡೂ ಒಟ್ಟಿಗೆ, ರೈಲಿನ ನಡುವೆ ಕೂತವನ ಲೆಕ್ಕಕ್ಕೆ ಮುಂದಿನದು ಮೊದಲು. ಯಾರದು ಸರಿ ಮಿಸ್ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಇಬ್ಬರದೂ ಸರಿ ಎಂದರೆ ನಗುತ್ತಾರೆ.

ಹೋದ ವರ್ಷ ಅಪ್ಪನನ್ನು ಕಡೂರಿನ ಆಸ್ಪತ್ರೆಗೆ ಸೇರಿಸಿದೆವು. ತಂಗಿ ಅವರ ಜೊತೆಗಿದ್ದಳು. ಅಜ್ಜಂಪುರದ ಮನೆಯಲ್ಲಿ ಅಮ್ಮನೂ ಹಾಸಿಗೆ ಹಿಡಿದಿದ್ದಳು, ಅವಳ ಬಳಿ ನಾನಿದ್ದೆ. ಒಂದು ಬೆಳಿಗ್ಗೆ ಫೋನ್ ಬಂತು. "ಅಕ್ಕ, ಅಪ್ಪ ಹೋಗ್ಬಿಟ್ರು."

"ಯಾರ್ದೇ ಫೋನು?" ಅಮ್ಮ ಕೇಳಿದಳು.

"ತಂಗೀದು. ಅಪ್ಪ ಮಲಗವ್ರಂತೆ."

"ಎದ್ಮೇಲೆ ಗಂಜಿ ಬಿಸಿ ಮಾಡಿ ಕೊಡ್ಲಿ" ಎಂದಳು. ಮಧ್ಯಾಹ್ನದೊಳಗೆ ಅವಳೂ ಹೋದಳು.

ಹೆಂಗಸರು ಸೇರಿ ಅಮ್ಮನಿಗೆ ಸ್ನಾನ ಮಾಡಿಸಿದರು. ಅವಳ ಅಕ್ಕನಾದ ನನ್ನ ದೊಡ್ಡಮ್ಮ ಕುಂಕುಮ, ಹಸಿರು ಬಳೆ, ಹೂವಿನ ತಟ್ಟೆ ಹಿಡಿದು ಕೂತರು. "ಯಾರು ಮೊದ್ಲು ಹೋದ್ರು ಹೇಳು. ನಿಮ್ಮಪ್ಪ ಮೊದ್ಲಾದ್ರೆ ಇದೆಲ್ಲ ಇಡಂಗಿಲ್ಲ." ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ಆ ಹೊತ್ತಿನಲ್ಲೂ ನಾನು ನನ್ನ ಪಾಠವನ್ನೇ ತಡಕಾಡಿದೆ. ಏನೇ ನಡೆಯಲಿ, ಅಲ್ಲಿಂದ ಹೊರಟ ಬೆಳಕು ಗೋಳವಾಗಿ ಎಲ್ಲ ದಿಕ್ಕಿಗೂ ಹಬ್ಬುತ್ತದೆ. ಆ ಗೋಳ ಮುಟ್ಟುವ ಮೊದಲೇ ಇನ್ನೊಂದು ಕಡೆ ಇನ್ನೊಂದು ಘಟನೆ ನಡೆದಿದ್ದರೆ ಮಾತ್ರ, ಯಾವುದು ಮೊದಲು ಎಂಬುದು ನೋಡುವವರ ಮೇಲೆ ನಿಂತಿರುತ್ತದೆ. ಗೋಳ ದಾಟಿಹೋದ ಮೇಲೆ ನಡೆದದ್ದು ಎಂಥ ರೈಲಿನಲ್ಲಿ ಕೂತು ನೋಡಿದರೂ ಆಮೇಲೆಯೇ. ಕಡೂರಿನಿಂದ ಅಜ್ಜಂಪುರಕ್ಕೆ ಬರಲು ಬೆಳಕಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅಮ್ಮ ಗಂಜಿಯ ಮಾತಾಡುವಾಗಲೇ ಅಪ್ಪ ಹೋದ ಗಳಿಗೆಯ ಬೆಳಕು ಅವಳನ್ನು ದಾಟಿಹೋಗಿತ್ತು. ಇಷ್ಟು ವರ್ಷ ಕಲಿಸಿದ ವಿದ್ಯೆ ಬೇಕಾದಾಗ ಕೈಕೊಟ್ಟಿತಲ್ಲ ಎಂದು ಅಳು ಬಂತು.

"ಅಪ್ಪ ಮೊದ್ಲು" ಎಂದೆ.

ದೊಡ್ಡಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಆದ್ರೆ ಸುದ್ದಿ ಅವ್ಳಿಗೆ ಮುಟ್ಲಿಲ್ಲ ದೊಡ್ಡಮ್ಮ. ಮುತ್ತೈದೆ ಅನ್ಕೊಂಡೇ ಕಣ್ಮುಚ್ಚಿದ್ಲು."

"ಮುಟ್ಲಿ ಬಿಡ್ಲಿ, ಶಾಸ್ತ್ರ ಶಾಸ್ತ್ರಾನೇ ಕಣೇ." ಹಾಗೆನ್ನುವಾಗ ಅವರೂ ಅಳುತ್ತಿದ್ದರು.

ಒಬ್ಬರ ಕೈಯೂ ಮುಂದೆ ಬರಲಿಲ್ಲ. ನಾನೇ ತಟ್ಟೆ ಕಿತ್ತುಕೊಂಡೆ. "ನೀನು ಮುಟ್ಬಾರ್ದು" ಎಂದು ಹಿಂದಿನಿಂದ ಯಾರೋ ಅಂದರು. ಗಂಡ ಹೋದ ಮೇಲೆ ನಾನು ಕುಂಕುಮದ ಬಟ್ಟಲಿಗೆ ಕೈ ಹಾಕಿದ್ದು ಅದೇ ಮೊದಲು. ಅಮ್ಮ ದಿನಾ ಇಟ್ಟುಕೊಳ್ಳುತ್ತಿದ್ದಷ್ಟೇ ಅಗಲಕ್ಕೆ ಇಟ್ಟೆ. ಸ್ನಾನದ ಬಿಸಿನೀರಿಗೆ ಹಣೆ ಇನ್ನೂ ಬೆಚ್ಚಗಿತ್ತು.