ಪುನರ್ಪುಳಿಯೆಂದು ಒರೆಸಿದ ಕೆಂಪು

ಕಳೆದ ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ ಎಂಟು ವರ್ಷದ ಮೊಮ್ಮಗಳು ಮೈತ್ರಿ ಕೆಂಪಗೆ ವಾಂತಿ ಮಾಡಿದಳು. ನಾನು ಹೆದರಲಿಲ್ಲ. ಊರಿಂದ ತಂದ ಪುನರ್ಪುಳಿಯ ಶರಬತ್ತನ್ನು ಆಗಷ್ಟೇ ಕುಡಿಸಿದ್ದೆ. ಅದರ ಬಣ್ಣವೆಂದು ನೆಲ ಒರೆಸಿಬಿಟ್ಟೆ. ಮಧ್ಯಾಹ್ನ ಶರಬತ್ತಿಲ್ಲದೆಯೂ ಕೆಂಪೇ ಬಂತು, ಒರೆಸಿದ ಬಟ್ಟೆಯಲ್ಲಿ ಹೆಪ್ಪುಗಟ್ಟಿತು. ಪುನರ್ಪುಳಿ ಹೆಪ್ಪುಗಟ್ಟುತ್ತದೆಯೇ, ಹೇಳಿ!

ಇಲ್ಲಿ ಗುಜರಾತಿನ ಕೊಯಾಲಿ ರಸ್ತೆಯಲ್ಲಿ ಉಡುಪಿ ಹೋಟೆಲು ನಡೆಸುವ ಮಗ ಗಣೇಶ, ಕಾವಲಿಯ ಮೇಲೆ ದೋಸೆ ಬಿಟ್ಟು ಓಡಿ ಬಂದ. ರಿಕ್ಷಾದಲ್ಲಿ ವಡೋದರಾದ ಆಸ್ಪತ್ರೆ ಸೇರಿದೆವು. ಮಗುವಿಗೆ ರಕ್ತ ಕೊಟ್ಟರು, ಬಾಯಿಂದ ನಳಿಗೆ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಹುಣ್ಣಿಲ್ಲ. ರಕ್ತ ಎಲ್ಲಿಂದ ಬರುತ್ತಿದೆಯೋ ತಿಳಿಯದು. "ಏಟು ಬಿದ್ದಿತ್ತೇ?" ಎಂದು ಡಾಕ್ಟರು ಕೇಳಿದರಂತೆ. ಇಲ್ಲವೆಂದನಂತೆ ಗಣೇಶ. ಅವನಿಗೇನು ಗೊತ್ತು?

ನಾನು ಹೊರಗಿನ ಬೆಂಚಿನಲ್ಲಿದ್ದೆ. ಗೋಡೆಗಳು ನೀರೊಳಗೆ ಇದ್ದಂತೆ ಅಲುಗುತ್ತಿದ್ದವು. ಫಿನಾಯಿಲಿನ ನಡುವೆ ಎಲ್ಲಿಂದಲೋ ನಮ್ಮೂರ ದುರ್ಗಮ್ಮನ ಗುಡಿಯ ಮಲ್ಲಿಗೆಯ ಪರಿಮಳ ಬಂತು. ಸೆರಗಿನಲ್ಲಿ ತಪ್ಪುಕಾಣಿಕೆ ಕಟ್ಟಲು ಒಂದು ನಾಣ್ಯ ತೆಗೆದೆ. ನಮ್ಮಲ್ಲಿ ಆದ ತಪ್ಪನ್ನು ಬಾಯಿಬಿಟ್ಟು ಹೇಳಿಯೇ ಗಂಟು ಹಾಕಬೇಕು. "ತಾಯೀ, ನನ್ನಿಂದ ಎಂತ ತಪ್ಪಾಯ್ತು?" ಎಂದೆ. ಬಾಯಿ ತಾನಾಗಿ ಮುಂದುವರಿಯಿತು. "ಎರಡು ವಾರದ ಹಿಂದೆ ಮಗು ಸೈಕಲ್ಲಿಂದ ಬಿತ್ತು. ಹ್ಯಾಂಡಲ್ ಹೊಟ್ಟೆಗೆ ಹೊಡೀತು. 'ಅಜ್ಜಿ, ಪಪ್ಪಾಗೆ ಬೋಲ್ನಾ ಮತ್, ಹೇಳ್ಬೇಡ, ಸೈಕಲ್ ಕಿತ್ಕೊಳ್ತಾರೆ' ಅಂತ ಅತ್ತಿತು. ಎಣ್ಣೆ ತಿಕ್ಕಿ ಮುಚ್ಚಿಟ್ಟೆ."

ಗಂಟು ಬಿಗಿದು ತಿರುಗಿದರೆ ಗಣೇಶ ಹಿಂದೆಯೇ ನಿಂತಿದ್ದ. "ಎಂತದಮ್ಮ! ಇದನ್ನ ಈಗ ಹೇಳುದಾ?"

ಕೈಹಿಡಿದು ಡಾಕ್ಟರ ಬಳಿ ಎಳೆದೊಯ್ದ. ಅವರು ಬೈಯಲಿಲ್ಲ. "ಬಾ, ಅಬ್ ರಾಸ್ತಾ ಮಿಲಾ" ಎಂದರು, 'ಅಮ್ಮಾ, ಈಗ ದಾರಿ ಸಿಕ್ಕಿತು' ಎಂದು.

ಸ್ಕ್ಯಾನಿನ ಚಿತ್ರ ನನಗೂ ತೋರಿಸಿದರು. ಪಿತ್ತಕೋಶದ ಹತ್ತಿರ, ಯಕೃತ್ತಿನೊಳಗೆ, ಬೆಳದಿಂಗಳಲ್ಲಿ ಕಂಡ ಬಳ್ಳಿಯ ಹಾಗೆ ರಕ್ತನಾಳಗಳು. ಒಂದು ಕವಲಿನಲ್ಲಿ ಮೊಗ್ಗಿನಂಥ ಗುಳ್ಳೆ. ಅಂದಿನ ಏಟಿಗೆ ನಾಳ ಹರಿದು ಅಲ್ಲಿ ಊದಿ, ಪಿತ್ತ ಹರಿಯುವ ದಾರಿಯಿಂದ ಹೊಟ್ಟೆಗೆ ರಕ್ತ ಸೋರುತ್ತಿತ್ತಂತೆ. ಹೊಟ್ಟೆ ಕೊಯ್ಯಬೇಕಿಲ್ಲವೆಂದರು. ತೊಡೆಯ ಸಂದಿಯಿಂದ ನೂಲಿನಂಥ ನಳಿಗೆ ಏರಿಸಿ, ಪುಟ್ಟ ಸುರುಳಿಗಳನ್ನಿಟ್ಟು ಸೋರಿಕೆ ಮುಚ್ಚಿದರು. ಸಂಜೆಯಿಂದ ಒಂದು ಹನಿಯೂ ಬರಲಿಲ್ಲ! ಮೈಮೇಲೆ ಉಳಿದದ್ದು ಒಂದು ಸಣ್ಣ ಪಟ್ಟಿ ಮಾತ್ರ.

ಮೈತ್ರಿ ಕಣ್ಣು ಬಿಟ್ಟವಳೇ ಕೇಳಿದಳು: "ಅಜ್ಜಿ, ಸೈಕಲ್ ಹೋಯ್ತಾ?"

"ಸೈಕಲ್ ಇದೆ. ನಿನ್ನಜ್ಜಿಯ ಗುಟ್ಟು ಹೋಯ್ತು" ಎಂದ ಗಣೇಶ, ನಗುತ್ತಾ ಅಳುತ್ತಾ.

ಡಾಕ್ಟರ ಕೈಗೆ ದಾರಿ ತೋರಿಸಲು ದುರ್ಗಮ್ಮನೇ ನನ್ನ ಬಾಯಿ ತೆರೆಸಿದಳು ಎಂದೇ ನನ್ನ ನಂಬಿಕೆ. ನಾನು ಮೂರನೇ ಕ್ಲಾಸಿನವರೆಗೆ ಮಾತ್ರ ಓದಿದವಳು, ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಕಣ್ಣೊರೆಸಿಕೊಂಡೆ. ಆ ಗಂಟು ಇನ್ನೂ ಬಿಚ್ಚಿಲ್ಲ. ಈ ಸಲ ಊರಿಗೆ ಹೋದಾಗ ಮೈತ್ರಿಯ ಕೈಯಿಂದಲೇ ಗುಡಿಗೆ ಒಪ್ಪಿಸುವೆ. ಅವಳೀಗ ಕಿವಿಯ ಹತ್ತಿರ ಬಂದರೆ ಮೊದಲೇ ಹೇಳಿಬಿಡುತ್ತೇನೆ: "ಮಗಾ, ಗುಟ್ಟಾದರೆ ಬೇಡ. ನನ್ನ ಬಾಯಿ ಈಗ ಅಮ್ಮನದು."