ಅತ್ತಿಗೆಗೆ ಕೊಡದ ಎರಡು ದಿನ

ನನ್ನ ಅತ್ತಿಗೆ ಪಾಲಮ್ಮ ಈ ಜನ್ಮದಲ್ಲಿ ಯಾರ ಮೇಲೂ ಕೈ ಎತ್ತಿದವಳಲ್ಲ. ಎತ್ತುತ್ತಾಳೆ ಎಂದು ಸುಳ್ಳು ಹೇಳಿದವಳು ನಾನು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಆ ಮಾತಿನಿಂದ ಏನಾಗುತ್ತದೆ ಎಂದು ನಮ್ಮ ಹೋಬಳಿಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ — ಗೊತ್ತಿದ್ದೇ ಹೇಳಿದೆ.

ನಾನು ದೇವಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಗಂಡ ತೀರಿಕೊಂಡ ಮೇಲೆ ಮಗಳು ಕಾವ್ಯಳನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಬಂದವಳು ಅಲ್ಲೇ ಉಳಿದೆ. ಅಣ್ಣನದು ಕುರಿ. ವರ್ಷದ ಅರ್ಧ ಭಾಗ ಅವನು ಮಂದೆಯ ಹಿಂದೆ ಎಲ್ಲೆಲ್ಲೋ ಇರುತ್ತಾನೆ. ಮನೆಯಲ್ಲಿ ಅವ್ವ, ಅತ್ತಿಗೆ, ನಾನು, ಕಾವ್ಯ. ಅತ್ತಿಗೆ ಗಡಿಯಾಚೆ ರಾಯದುರ್ಗದ ಕಡೆಯವಳು. ಮದುವೆಯಾಗಿ ಬಂದಾಗ ಅವಳ ಬಾಯಲ್ಲಿ ತೆಲುಗೇ ಹೆಚ್ಚು. ನಾನೂ ಅವಳನ್ನು ತೆಲುಗಿನಲ್ಲೇ ವದಿನಾ ಎಂದು ಕರೆಯುವುದು. ಅವಳಿಗೆ ಮಕ್ಕಳಾಗಲಿಲ್ಲ. ಕಾವ್ಯಳಿಗೆ ಎಣ್ಣೆ ಹಚ್ಚಿ ಎರೆದವಳು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದವಳು, ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳೇ. ನಾನು ಊರ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿಕೊಂಡು ಓಡಾಡುತ್ತಿದ್ದೆ.

ಅವಳಿಗೆ ಕಾಯಿಲೆ ಯಾವಾಗ ಶುರುವಾಯಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಊರಿನವರ ಕಾಯಿಲೆಯೆಲ್ಲ ನನಗೆ ಬಾಯಿಪಾಠ. ನಮ್ಮ ಮನೆಯದು ಮಾತ್ರ ತಡವಾಗಿ ಕಣ್ಣಿಗೆ ಬಿತ್ತು. ಮಾತು ಕಡಿಮೆಯಾಯಿತು. ನಿದ್ದೆ ಹೋಯಿತು. ಯಾರೋ ಹೆಸರು ಹಿಡಿದು ಕೂಗಿದಂತಾಗುತ್ತದೆ ಎಂದು ಬಾಗಿಲಿಗೆ ಹೋಗಿ ನಿಂತುಕೊಳ್ಳುತ್ತಿದ್ದಳು. ಮೊಳಕಾಲ್ಮೂರಿನ ಆಸ್ಪತ್ರೆಗೆ ನಾನೇ ಕರೆದೊಯ್ದು ಮಾತ್ರೆ ಕೊಡಿಸಿದೆ. ಕೂಗುವ ದನಿ ನಿಂತಿತು. ಆದರೆ ಕೆಲಸ ಮುಗಿಸಿ ಗೋಡೆಗೆ ಮುಖ ಮಾಡಿ ಕೂತಳೆಂದರೆ ಕೂತೇ ಇರುತ್ತಿದ್ದಳು. ಮಾತ್ರೆ ಅರ್ಧ ಕೆಲಸ ಮಾಡುತ್ತದೆ, ಉಳಿದ ಅರ್ಧಕ್ಕೆ ನಾಲ್ಕು ಜನರ ನಡುವೆ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಹೂಂ ಎಂದು ಕೇಳಿಸಿಕೊಂಡು ಬಂದೆ. ಮನೆಗೆಲಸದಲ್ಲಿ ಒಂದೂ ನಿಂತಿರಲಿಲ್ಲವಲ್ಲ — ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಚಳ್ಳಕೆರೆಯಲ್ಲಿ ಒಂದು ಸಂಸ್ಥೆಯವರು ಹಗಲು ಕೇಂದ್ರ ತೆರೆದರು. ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ. ಮನಸ್ಸಿನ ಕಾಯಿಲೆ ಇರುವ ದೊಡ್ಡವರು ವಾರಕ್ಕೆ ಎರಡು ದಿನ ಬೆಳಿಗ್ಗೆ ಹೋಗಿ ಸಂಜೆ ಬರುವುದು. ಚಾಪೆ ಹಾಸಿ ದುಂಡಗೆ ಕೂತು, ನಿದ್ದೆ ಬಂತಾ, ಏನು ಉಂಡೆ, ಯಾತಕ್ಕೆ ಭಯವಾಯಿತು ಎಂದು ಒಬ್ಬೊಬ್ಬರೇ ಹೇಳಿಕೊಳ್ಳುವುದು. ಆಮೇಲೆ ಶೇಂಗಾ ಸುಲಿಯುವುದು, ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುವುದು. ಜನ ಅದನ್ನು ಚಾಪೆ ಮನೆ ಎಂದು ಕರೆದರು. ಹಳ್ಳಿಗಳಿಂದ ಅಂಥವರನ್ನು ಗುರುತಿಸಿ ಕಳಿಸುವುದು ನಮ್ಮಂಥವರ ಪಾಲಿಗೆ ಬಂತು. ನಾವು ಹೇಳಿದ ಮಾತಿನ ಮೇಲೆಯೇ ಅವರು ಸೇರಿಸಿಕೊಳ್ಳುತ್ತಿದ್ದರು.

ನನ್ನ ಬಾಯಿ ಮೊದಲಿನಿಂದಲೂ ಜೋರು. ಈ ಕೆಲಸಕ್ಕೆ ಅದು ಒದಗಿಬಂತು. ಯಾವ ಮನೆಗೆ ಹೋದರೂ ಒಂದೇ ರಾಗ — ಇವನು ಹೋದರೆ ಕುರಿ ಯಾರು ನೋಡಬೇಕು, ಇವಳು ಹೋದರೆ ಮುದ್ದೆ ಯಾರು ತಿರುವಬೇಕು. ವಾರದಲ್ಲಿ ಎರಡು ದಿನ ಬಿಟ್ಟರೆ ನಿಮ್ಮ ಮನೆ ಸೂರು ಕಳಚಿ ಬೀಳುತ್ತದಾ ಎಂದು ಅಂಗಳದಲ್ಲೇ ನಿಂತು ದಬಾಯಿಸುತ್ತಿದ್ದೆ. ಅತ್ತೆಯಂದಿರು ಗೊಣಗಿಕೊಂಡು ಸೊಸೆಯಂದಿರನ್ನು ಕಳಿಸಿದರು. ನಮ್ಮ ಪಕ್ಕದ ಮನೆಯ ಬೋರಣ್ಣ, ವರ್ಷಗಟ್ಟಲೆ ಬೇವಿನ ಮರದ ಕೆಳಗೆ ಯಾರ ಮುಖವನ್ನೂ ನೋಡದೆ ಕೂತಿದ್ದವನು, ನಾಲ್ಕೈದು ತಿಂಗಳು ಹೋಗಿ ಬಂದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ಹೆಂಗಸರನ್ನು ರೇಗಿಸಿ ನಗುವಂತಾದ. ನಾನು ಅದನ್ನು ನನ್ನದೇ ಸಾಧನೆ ಎಂಬಂತೆ ಹೇಳಿಕೊಂಡು ತಿರುಗಿದೆ.

ಬೋರಣ್ಣ ನಗುವುದನ್ನು ಅತ್ತಿಗೆಯೂ ನೋಡಿದಳು. ಆ ಸಂಜೆ ಕೊಡ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಎದುರು ನಿಂತಳು. ತಾನಾಗಿ ಏನನ್ನಾದರೂ ಕೇಳುವುದನ್ನು ಅವಳು ಮರೆತೇ ಎಷ್ಟೋ ಕಾಲವಾಗಿತ್ತು.

"ತಿಪ್ಪಮ್ಮ, ನಾನೂ ಹೋಗ್ಲಾ ಅಲ್ಲಿಗೆ?" ಎಂದಳು.

ನೋಡೋಣ ಎಂದೆ.

ಅವ್ವನಿಗೆ ಆಗ ಲಕ್ವ ಹೊಡೆದು ಒಂದು ಕಡೆಯ ಕೈಕಾಲು, ಬಾಯಿ ಬಿದ್ದುಹೋಗಿತ್ತು. ತಿರುಗಿ ಮಲಗಿಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು ಎಲ್ಲಾ ಅತ್ತಿಗೆ. ಅವಳು ಎರಡು ದಿನ ಹೋದರೆ ಆ ಎರಡು ದಿನ ನಾನು ಮನೆಯಲ್ಲಿರಬೇಕು. ನನಗೆ ಅದು ಬೇಡವಾಗಿತ್ತು. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಇದ್ದಿದ್ದರೆ ಇವತ್ತು ಹೇಳಿಕೊಳ್ಳಲಾದರೂ ಆಗುತ್ತಿತ್ತು. ಹಬ್ಬ ಮುಗಿಯಲಿ ಎಂದೆ, ಅಣ್ಣ ಬರಲಿ ಎಂದೆ, ಕಾವ್ಯಳ ಪರೀಕ್ಷೆ ಮುಗಿಯಲಿ ಎಂದೆ. ಅವಳು ಮತ್ತೆ ಕೇಳಲಿಲ್ಲ. ಮರೆತಳು ಎಂದುಕೊಂಡೆ.

ಮರೆತಿರಲಿಲ್ಲ. ಒಂದು ದಿನ ನಾನು ಬಾಣಂತಿಯರ ಮನೆಗಳನ್ನು ಸುತ್ತಿ ಮಧ್ಯಾಹ್ನ ಮನೆಗೆ ಬಂದರೆ ಅತ್ತಿಗೆ ಇಲ್ಲ. ಅವ್ವನಿಗೆ ಉಣ್ಣಿಸಿ, ಒಗೆದ ಬಟ್ಟೆ ಮಡಿಸಿಟ್ಟು, ಬೋರಣ್ಣನ ಹೆಂಡತಿಗೆ ಅವ್ವನ ಹತ್ತಿರ ಕೂತಿರು ಎಂದು ಹೇಳಿ, ಬೋರಣ್ಣನ ಜೊತೆ ಬೆಳಗಿನ ಬಸ್ಸು ಹತ್ತಿದ್ದಾಳೆ. ಮನೆಬಿಟ್ಟು ಒಬ್ಬಳೇ ಅಂಗಡಿಗೂ ಹೋಗದಿದ್ದವಳು ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ ಚಳ್ಳಕೆರೆ ಮುಟ್ಟಿದ್ದಾಳೆ. ನನಗೆ ಖುಷಿಯಾಗಬೇಕಿತ್ತು. ಬೋರಣ್ಣನ ಹೆಂಡತಿ ಒಲೆ ನೋಡಿಕೊಂಡು ಬರುತ್ತೇನೆಂದು ಮನೆಗೆ ಹೋಗಿದ್ದಳು, ಅವ್ವ ಹಾಸಿಗೆ ಒದ್ದೆ ಮಾಡಿಕೊಂಡು ಮಲಗಿದ್ದಳು. ಎಷ್ಟೋ ದಿನಗಳ ಮೇಲೆ ಅವ್ವನ ಬಟ್ಟೆಗೆ ನಾನು ಕೈ ಹಾಕಿದ್ದು ಅವತ್ತು. ಸಿಟ್ಟು ಉಕ್ಕಿ ಬಂತು — ಅತ್ತಿಗೆಯ ಮೇಲೆ, ಬೋರಣ್ಣನ ಮೇಲೆ, ಒದ್ದೆಯಾಗಿ ಮಲಗಿದ್ದ ಅವ್ವನ ಮೇಲೂ.

ಆಗಲೇ ಫೋನು ಬಂತು. ಕೇಂದ್ರದ ಮೇಡಂ, ಇನ್ನೂ ಚಿಕ್ಕ ಹುಡುಗಿ, ದನಿಯಲ್ಲಿ ಸಂತೋಷ. ನಿಮ್ಮ ಅತ್ತಿಗೆ ಬಂದಿದ್ದಾರೆ, ಎಲ್ಲರ ಜೊತೆ ಕೂತು ಶೇಂಗಾ ಸುಲಿಯುತ್ತಿದ್ದಾರೆ, ನೀವು ಯಾಕೆ ಇಷ್ಟು ದಿನ ಕಳಿಸಲಿಲ್ಲ ಎಂದರು. ಆಮೇಲೆ ಎಲ್ಲರ ಬಗ್ಗೆಯೂ ಕೇಳುವ ಪ್ರಶ್ನೆಯನ್ನೇ ಕೇಳಿದರು — ಹೊಡೆಯೋದು ಬಡಿಯೋದು ಏನಾದರೂ ಉಂಟಾ? ಹಿಂದೆ ಒಬ್ಬ ಇನ್ನೊಬ್ಬನಿಗೆ ಹೊಡೆದು ಗಲಾಟೆಯಾದ ಮೇಲೆ, ಅಂಥವರನ್ನು ಗುಂಪಿನಲ್ಲಿ ಕೂರಿಸುವುದಿಲ್ಲ, ಮೊದಲು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ತೋರಿಸಿ ಬರಬೇಕು ಎಂದು ಅವರು ನಿಯಮ ಮಾಡಿಕೊಂಡಿದ್ದರು. ನಾನು ಕಳಿಸಿದ ಪ್ರತಿಯೊಬ್ಬರ ಬಗ್ಗೆಯೂ, ಇಲ್ಲ ಮೇಡಂ, ಹಸು ಇದ್ದಂಗೆ ಎಂದು ಹೇಳಿಕೊಂಡು ಬಂದವಳು ನಾನು. ಹಸುವಿಗಿಂತ ಸಾಧುವಾದವಳ ಬಗ್ಗೆ ಕೇಳಿದಾಗ —

"ಕೈ ಮಾಡ್ತಾಳೆ ಮೇಡಂ," ಎಂದೆ. "ಗುಂಪಿನಾಗೆ ಕೂರ್ಸೋದು ಕಷ್ಟ ಆಗ್ತೈತೆ."

ಅವರು ಸರಿ ಎಂದರು. ತಿರುಗಿ ಫೋನು ಮಾಡಿ ತಪ್ಪು ಹೇಳಿದೆ ಎನ್ನಬಹುದಿತ್ತು. ಫೋನು ಕಟ್ಟೆಯ ಮೇಲಿಟ್ಟು ಅವ್ವನ ಬಟ್ಟೆ ಒಗೆಯಲು ಹೋದೆ.

ಅತ್ತಿಗೆ ಸಂಜೆಯ ಬಸ್ಸಿಗೆ ಬಂದಳು. ಕೈಕಾಲು ತೊಳೆದು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟಳು. ಚಳ್ಳಕೆರೆಯ ಮಾತನ್ನು ನಾನು ಎತ್ತಲಿಲ್ಲ. ಯಾವುದೋ ಕಾರಣ ಹೇಳಿ ಕಳಿಸಿರುತ್ತಾರೆ, ನನ್ನ ಮಾತು ಅವಳವರೆಗೆ ಹೋಗಿರುವುದಿಲ್ಲ ಎಂದು ಧೈರ್ಯ ತಂದುಕೊಂಡೆ. ಆದರೆ ಆ ಮೇಡಂ ಹುಡುಗಿ ಪ್ರಾಮಾಣಿಕಳು. ಮರೆಮಾಚದೆ, ಮೆತ್ತಗೆ, ಮನೆಯಲ್ಲಿ ಆಗಾಗ ಕೈ ಮಾಡ್ತೀರಂತೆ, ಒಮ್ಮೆ ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಬನ್ನಿ ಎಂದು ಹೇಳಿಯೇ ಕಳಿಸಿದ್ದಳು. ಅದು ನನಗೆ ಗೊತ್ತಾದದ್ದು ಕೆಲವು ದಿನಗಳ ನಂತರ, ಅತ್ತಿಗೆ ನನಗೆ ಬಡಿಸುತ್ತಿದ್ದವಳು ತಟ್ಟೆಯ ಮುಂದೆಯೇ ಕುಕ್ಕರುಗಾಲಲ್ಲಿ ಕೂತಾಗ.

"ತಿಪ್ಪಮ್ಮ, ನಾನು ಯಾರಿಗೆ ಹೊಡ್ದಿದ್ದೆ? ನಂಗೆ ನೆಪ್ಪೇ ಇಲ್ಲ."

ಸಿಟ್ಟಿನಿಂದ ಕೇಳಿದ್ದಾಗಿದ್ದರೆ ನಾನು ಜಗಳವಾಡಿಯಾದರೂ ನಿಜ ಕಕ್ಕುತ್ತಿದ್ದೆನೇನೋ. ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಇಲ್ಲದ ದನಿಗಳನ್ನು ಕೇಳಿಸಿಕೊಂಡಿದ್ದವಳಿಗೆ ತನ್ನ ತಲೆಯ ಮೇಲೆ ತನಗೇ ನಂಬಿಕೆ ಇರಲಿಲ್ಲ. ನನ್ನ ಮೇಲೆ ಇತ್ತು. ಹೇಳಬೇಕಾಗಿದ್ದದ್ದು ಆಗ. ನಾನು ತಲೆ ತಗ್ಗಿಸಿ ಮುದ್ದೆ ಮುರಿಯುತ್ತಾ,

"ಹೋಗ್ಲಿ ಬಿಡು ವದಿನಾ, ಈಗ್ಯಾಕೆ ಅದೆಲ್ಲ," ಎಂದೆ.

ಫೋನಿನಲ್ಲಿ ಹೇಳಿದ್ದು ಸಿಟ್ಟಿನ ಸುಳ್ಳು. ಇದು ಹಾಗಲ್ಲ — ತಣ್ಣಗೆ ಕೂತು ಉಣ್ಣುತ್ತಾ ಹೇಳಿದ್ದು. ಇದಕ್ಕೇ ನನಗೆ ಈಗಲೂ ನನ್ನ ಮುಖ ನೋಡಿಕೊಳ್ಳಲು ಆಗುವುದಿಲ್ಲ.

ಅವಳು ಅಲ್ಲಿಗೆ ಬಿಡಲಿಲ್ಲ. ಅವ್ವನ ಹತ್ತಿರ ಹೋಗಿ, ಅತ್ತೆ, ನಿಮಗೇನಾದರೂ ಹೊಡೆದಿದ್ದೀನಾ ಎಂದು ಕೇಳಿದಳು. ಅವ್ವನಿಗೆ ಮಾತಿಲ್ಲ. ಲಕ್ವ ಹೊಡೆದ ಮೇಲೆ ಏನು ಕೇಳಿದರೂ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು — ಉಣ್ಣುತ್ತೀಯಾ ಎಂದರೂ, ಕಾವ್ಯ ಬಂದಳು ಎಂದರೂ. ಅವತ್ತೂ ಬಂತು. ಅತ್ತಿಗೆ ಆ ನೀರನ್ನು ನೋಡಿ ಹೌದೆಂದು ತಿಳಿದುಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅಂದಿನಿಂದ ಅವಳು ತನ್ನ ಕೈಗಳಿಗೆ ತಾನೇ ಹೆದರಿದಳು. ಅವ್ವನನ್ನು ತಿರುಗಿಸಿ ಮಲಗಿಸುವಾಗ ಎಲ್ಲಿ ಪೆಟ್ಟಾಗುತ್ತದೋ ಎಂದು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಬೀದಿಯ ಮಕ್ಕಳು ಹತ್ತಿರ ಬಂದರೆ ದೂರ ಹೋಗಿ ಎಂದು ತಾನೇ ಸರಿಯುತ್ತಿದ್ದಳು. ದೊಡ್ಡಾಸ್ಪತ್ರೆಗೂ ಹೋಗಲಿಲ್ಲ, ಚಾಪೆ ಮನೆಯ ಮಾತೂ ಎತ್ತಲಿಲ್ಲ. ಎರಡು ವರ್ಷಕ್ಕೂ ಮೀರಿ ಅವ್ವನನ್ನು ಹಾಗೆಯೇ, ಬಟ್ಟೆ ಸುತ್ತಿದ ಕೈಗಳಲ್ಲಿ, ಹೂವಿನಂತೆ ನೋಡಿಕೊಂಡಳು. ಆ ಎರಡು ವರ್ಷದಲ್ಲಿ ನಾನು ಇನ್ನೆಷ್ಟೋ ಜನರನ್ನು ಚಳ್ಳಕೆರೆಯ ಬಸ್ಸು ಹತ್ತಿಸಿದೆ. ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು. ನಾನೂ ಎದ್ದು ನಿಂತು ಕೈ ಮುಗಿದೆ.

ಅವ್ವ ಹೋದಳು. ಅವ್ವನ ಕೆಲಸ ಮುಗಿದ ಮೇಲೆ ಅತ್ತಿಗೆಯನ್ನು ಕಳಿಸಿದರಾಯಿತು, ಎಲ್ಲಾ ಸರಿಹೋಗುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ತಿಥಿ ಮುಗಿಸಿ ಚಳ್ಳಕೆರೆಗೆ ಹೋಗಿ ಮೇಡಂ ಎದುರು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ತಾವೂ ಅವತ್ತು ಒಂದು ಫೋನಿನ ಮಾತು ನಂಬಿ ಕಳಿಸಬಾರದಿತ್ತು ಎಂದು ಕಣ್ಣೊರೆಸಿಕೊಂಡರು. ನಾಳೆಯೇ ಕರೆದುಕೊಂಡು ಬನ್ನಿ ಎಂದರು.

ಮನೆಗೆ ಬಂದು ಅತ್ತಿಗೆಯ ಕಾಲ ಹತ್ತಿರ ಕೂತೆ. ವದಿನಾ, ನೀನು ಯಾರಿಗೂ ಹೊಡೆದಿಲ್ಲ, ನಾನು ಸುಳ್ಳು ಹೇಳಿದೆ, ಅವ್ವನ ಚಾಕರಿ ನನ್ನ ಕೊರಳಿಗೆ ಬೀಳುತ್ತದೆಂದು ಹೇಳಿದೆ — ಒಂದನ್ನೂ ಬಿಡಲಿಲ್ಲ. ಅವಳು ಬೈಯಲಿ, ಕೂದಲು ಹಿಡಿದು ಎಳೆಯಲಿ ಎಂದು ಕಾದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ನಂಗೆ ನೋವಾಗ್ಬಾರ್ದು ಅಂತ ಹಿಂಗ್ ಹೇಳ್ತೀಯ. ನೀನು ಒಳ್ಳೇಳು ತಿಪ್ಪಮ್ಮ. ಅತ್ತೆ ಅತ್ತಿದ್ದು ನಾನೇ ನೋಡೀನಿ."

ನಾನು ಅವ್ವನ ಮೇಲೆ ಆಣೆ ಇಟ್ಟೆ. ಬೋರಣ್ಣನ ಕೈಯಲ್ಲಿ ಹೇಳಿಸಿದೆ. ಮೇಡಂ ಮನೆಗೇ ಬಂದು ಹೇಳಿದರು. ಎಲ್ಲರಿಗೂ ತಲೆಯಾಡಿಸಿದಳು; ಹೋಗೋಣ ಬಾ ಎಂದರೆ ಮಾತ್ರ, ಅಲ್ಲಿ ಅಷ್ಟು ಜನ ಕೂತಿರುತ್ತಾರೆ, ಯಾರಿಗಾದರೂ ಹೊಡೆದುಬಿಟ್ಟರೆ ಎಂದಳು. ಕುರಿ ತಿರುಗಿಸಿಕೊಂಡು ಬಂದ ಅಣ್ಣನಿಗೂ ಹೇಳಿದೆ. ಅವನು, ಅವ್ವನನ್ನಂತೂ ಚೆನ್ನಾಗಿ ನೋಡಿಕೊಂಡಳಲ್ಲ ಬಿಡು ಎಂದು ಎದ್ದು ಹೋದ. ಅವನನ್ನು ಬೈಯುವ ಬಾಯಿ ನನಗೆಲ್ಲಿದೆ? ಫೋನಿನ ನಾಲ್ಕು ಮಾತಿನಿಂದ ನಂಬಿಸಿದ್ದನ್ನು ಈಗ ಊರೇ ಬಂದು ಹೇಳಿದರೂ ತೆಗೆಯಲಾಗುತ್ತಿಲ್ಲ. ಬೆಳಿಗ್ಗೆ ಕಾಫಿ ಕೊಡುವಾಗ ದಿನಾ ಹೇಳುತ್ತೇನೆ, ನೀನು ಹೊಡೆದಿಲ್ಲ ವದಿನಾ ಎಂದು. ಹೂಂ ಅನ್ನುತ್ತಾಳೆ. ನಾನಿರುವವರೆಗೂ ಹೇಳುತ್ತೇನೆ. ಬೇರೆ ಏನು ಮಾಡಬೇಕೋ ನನಗೆ ತಿಳಿಯದು.

ಕಾವ್ಯಳನ್ನು ನಾಯಕನಹಟ್ಟಿಗೆ ಕೊಟ್ಟಿದ್ದೇವೆ. ಅವಳಿಗೆ ಹೆಣ್ಣುಮಗು ಹುಟ್ಟಿದಾಗ ಅತ್ತಿಗೆ ಬಾಗಿಲಾಚೆ ನಿಂತೇ ನೋಡಿದಳು. ಪಾಲಮ್ಮತ್ತೆ ಯಾಕೆ ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದು ಕಾವ್ಯ ಕೇಳಿದಾಗ ಅವಳಿಗೂ ನಿಜ ಹೇಳಿದೆ. ಎಷ್ಟೋ ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಬಂದಾಗಲೆಲ್ಲ ಮಗುವನ್ನು ಅತ್ತಿಗೆಯ ಮಡಿಲಿಗೆ ಹಾಕಲು ನೋಡುತ್ತಾಳೆ; ಅತ್ತಿಗೆ ಎದ್ದು ಹೋಗುತ್ತಾಳೆ.

ಮೊನ್ನೆ ಕಾವ್ಯ ಬಂದಿದ್ದಳು. ಅತ್ತಿಗೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮಗು ಅಂಬೆಗಾಲಿಡುತ್ತಾ ಹೋಗಿ ಅವಳ ಸೀರೆಯನ್ನು ಹಿಡಿದು, ಹೆಗಲಿಗೆ ಕೈಯೂರಿ ಎದ್ದು ನಿಂತಿತು. ಅದು ನಿಂತದ್ದು ಅದೇ ಮೊದಲು. ಅತ್ತಿಗೆಯ ಮುಖ ಅರಳಿತು, ತೆಲುಗಿನಲ್ಲಿ ಏನೋ ಅಂದಳು ಕೂಡ. ಆದರೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದಳು. ಮಗುವಿನ ಕಾಲುಗಳು ನಡುಗಿದವು. ಹಿಡಿದುಕೋ ವದಿನಾ ಎಂದು ಒಳಗಿನಿಂದ ಓಡಿ ಬಂದೆ. ಅವಳು ಕೈ ತೆಗೆಯಲಿಲ್ಲ. ಮಗು ಅವಳ ಪಕ್ಕದಲ್ಲೇ ನೆಲಕ್ಕೆ ಬಿದ್ದು ಕಿರುಚಿ ಅಳತೊಡಗಿತು.

"ಎತ್ಕೋ ತಿಪ್ಪಮ್ಮ," ಎಂದಳು ಅತ್ತಿಗೆ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನನ್ ಕೈ ಒಳ್ಳೇವಲ್ಲ. ನೀನೇ ಎತ್ಕೋ."

ನಾನು ಎತ್ತಿಕೊಂಡೆ.